ಸಮ್ ಬರೂತನಕ ಸಾಯಾಕ ಬರಂಗಿಲ್ಲ

ನಾ ದೇಗಾಂವದ ಗುಡಿಯೊಳಗ ತಬಲಾ ಬಾರಿಸಿದರ ಮ್ಯಾಲಿನ ಪಾರಿವಾಳೆಲ್ಲ ತಾಳಕ್ಕ ತಲಿ ದೂಗತಿದ್ದವು. ಕಂಡ ಮಂದಿ ಮಣ್ಣು ಸೇರ್ಯಾರ, ಪಾರಿವಾಳನೂ ಉಳದಿಲ್ಲ. ಹಿಂಗಾಗಿ ಇದು ಖರೇನ. ಇಂಥಾ ಪವಾಡ ನನ್ನ ಬೆನ್ನ ಹತ್ತಿ ಬರತಾವು, ನಾ ಕರಿಯಾಕ ಹೋಗಂಗಿಲ್ಲ.

೧. ಗಾಣ

ನನ್ನ ಬಲಗೈ ತೋರಬೆರಳು ಕಬ್ಬಿನ ಗಾಣಕ್ಕ ಸಿಕ್ಕು ಹೋತು. ಆ ದಿನದ ಬೆಲ್ಲ ಕೊಪ್ಪರಿಗಿಯೊಳಗ ಹದಿನಾರು ಮಾತ್ರೆದ ತೀನತಾಲದಾಗ ಕುದೀತು ಅಂದರ ಜನ ನಗತಾರ. ನಗಲಿ. ಅವತ್ತಿನಿಂದ ದೊಡವಾಡದ ನಮ್ಮ ಭಜನಿ ಮಂದಿ, 'ಕಾಕಾ, ನೀವು ಹಿರ್ಯಾರು, ಮುಂದ ಕುಂದರ್ರಿ' ಅಂತ ತಬಲಾ ಕಸಗೊಂಡು ಕೈಯಾಗ ತೆಂಗಿನಕಾಯಿ ಕೊಟ್ಟರು. ಮರ್ಯಾದಿ ಅಂದರ ಇದ.

೨. ಸಪ್ಪಳಿಲ್ಲದ ಕಛೇರಿ

ಹಿಂಗಿರುವಾಗ ಕಿತ್ತೂರಿಗೆ ಸಿನೆಮಾದವರು ಬಂದರು. ಕತಿ ಯುದ್ಧದ್ದು. ಊರೊಳಗ ವೈರಿ ಸೈನ್ಯ ನುಗ್ಗಿದರೂ ಹಾಡು ನಿಲ್ಲಿಸದ ಗವಾಯಿಗಳದು. ಒಬ್ಬ ಮುದುಕ ತಬಲಜಿ ಬೇಕಾಗಿದ್ದ. ಭಜನಿ ಮಂದಿ ಮತ್ತೊಮ್ಮೆ ನನ್ನ ಕೈ ನೋಡಲಿ, ತಬಲಾ ವಾಪಸ್ ಕೊಡಲಿ ಅಂತ ಹೋದೆ.

ಡೈರೆಕ್ಟರ್ ತಬಲಾದ ಮ್ಯಾಲೆ ಟವೆಲ್ ಹೊದಿಸಿದ. 'ಸಪ್ಪಳ ಮಾಡಬ್ಯಾಡ್ರಿ ಅಜ್ಜಾರ. ಸಪ್ಪಳ ಆಮ್ಯಾಲೆ ಮುಂಬೈಯಾಗ ಹಚ್ಚತೇವಿ.'

'ಮತ್ತ ನಾ ಯಾಕ ಬೇಕ್ರಿ?'

'ನಿಮ್ಮ ಗಡ್ಡ ಛಲೋ ಐತಿ.'

ಜನ್ಮವೆಲ್ಲ ರಿಯಾಜ್ ಮಾಡಿದ್ದು ಕೈ, ಕೆಲಸ ಸಿಕ್ಕಿದ್ದು ಗಡ್ಡಕ್ಕ.

೩. ಸಾವು

ಸೈನಿಕರು ಒಳಗ ಬಂದು ಗುಂಡು ಹಾರಿಸಬೇಕು, ನಾ ತಬಲಾದ ಮ್ಯಾಲೆ ಬಿದ್ದು ಸಾಯಬೇಕು. ಢಂ ಅಂತು. ನಾ ಬಾರಿಸ್ಕೋತನ ಕುಂತೆ.

'ಗುಂಡು ಬಡದೈತ್ರಿ ಅಜ್ಜಾರ, ನಿಮಗ.'

'ಗೊತ್ತೈತ್ರಿ. ಸಮ್ ಬರೂತನಕ ಸಾಯಾಕ ಬರಂಗಿಲ್ಲ.'

ತಾಳ ಒಂದು ಸುತ್ತು ತಿರುಗಿ ಬಂದು ಕೂಡೂ ಜಾಗಕ್ಕ ಸಮ್ ಅಂತಾರ. ಅದಕಿಂತ ಮೊದಲ ಕೈ ಬಿಟ್ಟವ ತಬಲಜಿ ಅಲ್ಲ. ಮತ್ತ ಗುಂಡು ಹೊಡದರು, ಮತ್ತ ತಾಳದ ನಡುವನ. ಕಡೀಕ ಡೈರೆಕ್ಟರ್ ಕೈ ಮುಗದು, 'ನೀವು ಬದುಕ್ರಿ' ಅಂತ ನನ್ನ ಕಂಬದ ಹಿಂದ ಕುಂದರಿಸಿದ. ಚಾ ಕೊಡುವವನಿಗೆ ಸುಳ್ಳು ಗಡ್ಡ ಹಚ್ಚಿ ನನ್ನ ಜಾಗದಾಗ ಸಾಯಿಸಿದ. ಅಂವ ಭಾಳ ಛಂದ ಸತ್ತ. ತಾಳ ಗೊತ್ತಿಲ್ಲದವಗ ಸಾವು ಸಲೀಸು.

೪. ಕೈ

ಬೈಲಹೊಂಗಲಕ್ಕ ಸಿನೆಮಾ ಬಂತು. ಊರ ಮಂದಿಯೆಲ್ಲ ಹೋಗಿ ನೋಡಿದಿವಿ. ನನ್ನ ಮಾರಿ ಎಲ್ಲೂ ಇಲ್ಲ, ಗಡ್ಡನೂ ಇಲ್ಲ. ಆದರ ಒಂದು ಕಡೆ ಪರದೆ ತುಂಬ ಎರಡು ಕೈ ತಬಲಾ ಬಾರಿಸತಾವು.

ಮರುದಿನ ನಮ್ಮ ಮನಿ ಕಟ್ಟಿಗೆ ಭಜನಿ ಮಂದಿ ಬಂದು ಕುಂತಿದ್ದರು. ಬಲಗೈ ಟವೆಲ್ಲಿನೊಳಗ ಇಟಗೊಂಡು, 'ಆ ಕೈ ಯಾರ್ವು ಅಂತ ತಿಳದೀರಿ? ನನ್ನವು' ಅಂದೆ.

ಎಲ್ಲಾರೂ ನೆಲ ನೋಡಿದರು. ಒಬ್ಬ, 'ಹೌದ್ರಿ ಕಾಕಾ. ಸೋಮವಾರ ತಬಲಾಕ್ಕ ನೀವ ಬರ್ರಿ' ಅಂದ.

ಅಷ್ಟರಾಗ ಚಾ ತಂದ ನಮ್ಮನಿಯಾಕಿ ಬಾಗಿಲದಾಗ ನಿಂತಳು. 'ಏನ್ರೀ, ನಿಮ್ಮ ಕೈಗೆ ರೊಟ್ಟಿ ಕೊಡಕೋತ ನಾ ಮುದುಕಿ ಆಗೇನಿ. ಪರದೆದಾಗಿನ ಬಲಗೈಗೆ ಐದೂ ಬೆರಳಿದ್ದವಲ್ಲ.'

ನಾ ಹೆಗಲು ಕುಣಿಸಿ ಚಾ ತಗೊಂಡೆ.

'ಯುದ್ಧದಾಗ ಎಲ್ಲಾರೂ ಕಳಕೋತಾರ. ನಾ ಒಂದು ಬೆರಳು ಗಳಿಸಿದೆ. ಅದಕ್ಕೇನು ಮಾಡೂದು?'