ಕುಷ್ಟಗಿಯಲ್ಲಿ ಬರೆದ ಮುಖ

ಭಾಗ್ಯನಗರದ ಬಣ್ಣದ ಕನಕಪ್ಪ ಒಮ್ಮೆ ಆನೆಗೊಂದಿಯ ಹೊಳೆದಂಡೆಯಲ್ಲಿದ್ದ ಬಂಡೆಯೊಂದಕ್ಕೆ ಕೆನ್ನೆಗೆಂಪು ಹಚ್ಚಿದ. ಬಂಡೆ ನಾಚಿಕೊಂಡು ಆ ಕಡೆ ಹೊರಳಿತು. ಈಗಲೂ ಅದು ಹೊಳೆಯ ಕಡೆಗೇ ಮುಖ ಮಾಡಿ ಕೂತಿದೆ. ಅನುಮಾನವಿದ್ದವರು ಹೋಗಿ ನೋಡಬಹುದು. ಆಗ ಬಣ್ಣದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದವನು ನಾನೇ. ನನಗೆ ಮಾತಿಗೆ ಸುಳ್ಳು ಬೆರೆಸುವ ಅಭ್ಯಾಸವಿಲ್ಲ. ಇದ್ದದ್ದನ್ನೇ ಸ್ವಲ್ಪ ಕಡಿಮೆ ಮಾಡಿ ಹೇಳುತ್ತೇನೆ.

ಇಂಥ ಕನಕಪ್ಪನಿಗೆ ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಒಂದು ಫೋಟೋದಿಂದ ಗ್ರಹಚಾರ ವಕ್ಕರಿಸಿತು.

ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಹಂಪಣ್ಣನವರದು ಒಂದು ನೃತ್ಯ ಮಂಡಳಿ. ದೊಡ್ಡ ಊರುಗಳಿಂದ ‘ಬ್ಯಾಲೆ’ ಎಂಬ ಮಾತು ಹೊಸದಾಗಿ ಬಂದಿತ್ತು. ಹಂಪಣ್ಣನವರು ಅದನ್ನು ಬೋರ್ಡಿನ ಮೇಲೆ ಬರೆಸಿ ಟಿಕೀಟಿನ ದರ ಏರಿಸಿದ್ದರು. ಆಡುವುದು ಒಂದೇ ಕತೆ: ಪಂಪೆ ವಿರೂಪಾಕ್ಷನನ್ನು ಮದುವೆಯಾಗುವುದು. ಮಾತಿಲ್ಲ, ಬರೀ ಹಾಡು ಮತ್ತು ಕುಣಿತ. ತಾಳ ನನ್ನದು. ಮಂಡಳಿ ಹುಟ್ಟಿದಾಗಿನಿಂದ ಪಂಪೆಯಾಗಿ ಕುಣಿಯುತ್ತಿದ್ದವಳು ಕಳಕಮ್ಮ. ಅಂದಿನಿಂದಲೂ ಅವಳ ಮುಖ ಬರೆಯುತ್ತಿದ್ದವನು ಕನಕಪ್ಪ.

ಮುಖಕ್ಕೆ ಬಂಗಾರದ ಹೊಳಪು ಕೊಡುವ ಹಳದಿ ಕಲ್ಲಿನ ಪುಡಿಗೆ ಅರದಾಳ ಎನ್ನುತ್ತಾರೆ. ಆಟದ ಹೊತ್ತಿಗೆ ಅದು ಕಳಕಮ್ಮನನ್ನು ದೇವಿ ಮಾಡುತ್ತಿತ್ತು. ಆಟ ಮುಗಿದ ಮೇಲೆ ಚರ್ಮವನ್ನು ತಿನ್ನುತ್ತಿತ್ತು. ಅವಳು ನಲವತ್ತು ದಾಟುವಷ್ಟರಲ್ಲಿ ಎರಡೂ ಕೆನ್ನೆಯ ಮೇಲೆ ಬಂಗು ಕಪ್ಪಾಗಿ ಹರಡಿತು. ಕನಕಪ್ಪ ಪ್ರತಿ ಆಟದ ನಂತರ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿ, ಹಾಲಿನ ಕೆನೆಗೆ ಕಡಲೆಹಿಟ್ಟು ಕಲಸಿ ಹಚ್ಚಿ, ಕೂಸಿನ ಮುಖ ತೊಳೆದ ಹಾಗೆ ತೊಳೆಯುತ್ತಿದ್ದ. ಬಂಗು ಜಗ್ಗಲಿಲ್ಲ. ಅದು ತನ್ನ ಕೈಯಿಂದಲೇ ಬಂದದ್ದೆಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಅಂದು ಕುಷ್ಟಗಿಯಲ್ಲಿ ಆಟ. ಸಾಲೆಯೊಂದರ ಕೋಣೆಗಳಲ್ಲಿ ನಮ್ಮ ಬಿಡಾರ. ಬೆಳಿಗ್ಗೆ ಫೋಟೋದವನು ಬಂದು, ಹೊಸ ಪೋಸ್ಟರಿಗೆಂದು ತೆಗೆದ ಚಿತ್ರವನ್ನು ಹಂಪಣ್ಣನವರ ಕೈಗಿಟ್ಟ. ಬಿಸಿಲಿನಲ್ಲಿ, ಬಣ್ಣವಿಲ್ಲದೆ ತೆಗೆದ ಕಳಕಮ್ಮನ ಮುಖ. ಹಂಪಣ್ಣನವರು ಅದನ್ನು ಹುಳ ಬಿದ್ದ ಅಕ್ಕಿ ನೋಡಿದ ಹಾಗೆ ನೋಡಿದರು.

“ಇಕಿ ಪಂಪಾ ಅಲ್ಲೋ, ಪಂಪಾನ ಅವ್ವ ಅದಾಳ! ಕನಕಪ್ಪ, ಇಲ್ಲಿ ಬಾ. ಸಂಜೀಕ ಮುಂದಿನ ಸಾಲಿನ್ಯಾಗ ಕುಂದ್ರತೀನಿ. ಈ ಬಂಗು ನನ್ನ ಕಣ್ಣಿಗೆ ಬಿತ್ತಂದ್ರ, ನಾಳಿ ಕೊಪ್ಪಳದಾಗ ನಮ್ಮ ಹುಲಗಮ್ಮನ ಪಂಪಾ ಆಗ್ತಾಳ.”

ಹುಲಗಮ್ಮ ಯಲಬುರ್ಗಾದಲ್ಲಿದ್ದ ಅವರ ಭಾವಮೈದುನನ ಮಗಳು. ಸಖಿಯರ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದಳು. ಒಳ್ಳೆಯ ಹುಡುಗಿ; ಕುಣಿದರೆ ಮಾತ್ರ ಮೊರದಲ್ಲಿ ಅಕ್ಕಿ ಕೇರಿದಂತಿರುತ್ತಿತ್ತು.

ಇನ್ನೊಂದು ತೊಡಕಿತ್ತು. ಗ್ಯಾಸ್ ಬತ್ತಿಯ ಬಾಡಿಗೆ ಉಳಿಯಲೆಂದು ಹಂಪಣ್ಣನವರು ಆಟವನ್ನು ಸಂಜೆ ನಾಲ್ಕಕ್ಕೇ ಇಟ್ಟಿದ್ದರು. ಬಯಲು, ಎದುರಿಗೇ ಸೂರ್ಯ. ಆ ಬಿಸಿಲಿನಲ್ಲಿ ಇರುವೆಯ ಮೀಸೆಯೂ ಕಾಣುತ್ತಿತ್ತು.

“ಇವತ್ತು ಅರದಾಳ ಮುಟ್ಟೂದಿಲ್ಲ. ಬೆಣ್ಣಿ, ಗಂಧ, ಬಿಳೀ ಸಫೇದಾ ಪುಡಿ ಅಷ್ಟ. ಪ್ಯಾಟಿಗೆ ಹೋಗಿ ಬರ್ತೀನಿ,” ಎಂದ ಕನಕಪ್ಪ, “ಅಲ್ಲೀತನಕ ಯಾರೂ ಆಕಿ ಮುಖ ಮುಟ್ಟಬ್ಯಾಡ್ರಿ.”

ಮಂಡಳಿಯವರ ಮುಂದೆ ಹೀಗೆ ಹೇಳುವುದೂ ಒಂದೇ, ಅಕ್ಷತೆ ಕೊಟ್ಟು ಕರೆಯುವುದೂ ಒಂದೇ. ಅವನು ಗೇಟು ದಾಟಿದ್ದೇ ತಡ, ಪೇಟಿ ಬಾರಿಸುವ ಹೇಮಪ್ಪ ಬಟ್ಟಲು ಹಿಡಿದು ಬಂದ.

“ಬಂಗಿಗೆ ಎಕ್ಕಿ ಹಾಲು, ಅರಿಷಿಣ! ನಮ್ಮ ದೊಡ್ಡವ್ವಗ ಹಚ್ಚಿದ್ವಿ, ಒಂದ ದಿನಕ್ಕ ಹೋತು ನೋಡು.”

“ಯಾವುದು ಹೋತಪಾ, ಬಂಗೋ ದೊಡ್ಡವ್ವೋ?” ಎಂದಳು ಜಡೆ ಹೆಣೆಯುವ ಚಾಂದಬೀ.

“ನಗಬ್ಯಾಡ ಚಾಂದಬೀ. ಕಳಕಮ್ಮ, ನೀ ಕಣ್ಣು ಮುಚ್ಚು.”

ಮುಳುಗುವವಳಿಗೆ ಕೈಗೆ ಸಿಕ್ಕಿದ್ದೆಲ್ಲ ಹಗ್ಗ. ಕಳಕಮ್ಮ ಕಣ್ಣು ಮುಚ್ಚಿದಳು. ಗಿಡದಿಂದ ಆಗಷ್ಟೇ ಮುರಿದು ತಂದ ಎಕ್ಕದ ಹಾಲು ಕೆನ್ನೆಗೆ ತಾಗಿದ್ದೇ ಮುಖವು ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬತೊಡಗಿತು. ಎಡಗಣ್ಣು ಮುಚ್ಚಿಯೇ ಹೋಯಿತು.

“ಅಯ್ಯಯ್ಯ, ತಂಪು ಮಾಡ್ರಿ!” ಎಂದು ಅಡುಗೆಯ ಮುದಕಮ್ಮ ಒಳಗಿನಿಂದ ಓಡಿ ಬಂದು ಒಂದು ಚರಿಗೆ ಮಜ್ಜಿಗೆಯನ್ನು ಮುಖಕ್ಕೆ ಸುರಿದಳು. ಊಟಕ್ಕೆಂದು ಹಸಿಮೆಣಸಿನಕಾಯಿ ಅರೆದು ಕಲಸಿದ್ದ ಮಜ್ಜಿಗೆ ಅದು. ಕಳಕಮ್ಮ ಹೊಡೆದ ಚೀರು ನಾಲ್ಕು ತಾಲೂಕಿಗೆ ಕೇಳಿಸಿತು. ಯಲಬುರ್ಗಾದ ದಾರಿಯಲ್ಲಿದ್ದ ಬಸ್ಸೊಂದು, ಹಿಂದೆ ಲಾರಿ ಹಾರ್ನು ಹಾಕಿತೆಂದು ತಿಳಿದು ಬದಿಗೆ ಸರಿಯಿತಂತೆ.

ಕನಕಪ್ಪ ಬಂದು ಬಾಗಿಲಲ್ಲೇ ನಿಂತ.

“ಯಾರು ಮಾಡಿದ್ರಿ ಇದನ್ನ?”

“ಬಂಗು ಕಾಣ್ತೈತೇನು, ಮೊದಲ ಅದನ್ನ ಹೇಳು!” ಎಂದ ಹೇಮಪ್ಪ. ನಿಜ, ಕಾಣುತ್ತಿರಲಿಲ್ಲ. ಮುಖವೇ ಕಾಣುತ್ತಿರಲಿಲ್ಲ.

ಕನಕಪ್ಪ ಬೈಯಲಿಲ್ಲ. ಸೋಡಾ ಅಂಗಡಿಯಿಂದ ಬರ್ಫ ತಂದು ತನ್ನ ಧೋತರದ ಅಂಚಿನಲ್ಲಿ ಕಟ್ಟಿ ಅವಳ ಕೆನ್ನೆಗೆ ಒತ್ತುತ್ತ ಕೂತ.

“ಬಿಡು ಕನಕಪ್ಪ, ಹುಲಗಿ ಕುಣೀಲಿ,” ಎಂದಳು ಕಳಕಮ್ಮ.

“ನೀ ಏನು ಮಾಡ್ತಿ?”

“ಅದ ನೋಡು. ನನಗ ಕುಣಿಯೂದು ಬಿಟ್ರ ಬ್ಯಾರೆ ಏನೂ ಬರೂದಿಲ್ಲ. ಮಜ್ಜಿಗಿ ಕಡಿಯಾಕೂ ಬರೂದಿಲ್ಲ.”

“ಹಂಗಾದ್ರ ಸುಮ್ಮನ ಕುಂದ್ರು. ಮುಖ ಅಳ್ಳಾಡಿಸಬ್ಯಾಡ.”

ಅವನು ಬೆಣ್ಣೆ ಸವರಿದ. ಗಂಧ ಲೇಪಿಸಿದ. ಉಬ್ಬಿದ ಕಡೆ ನೆರಳು, ತಗ್ಗಿದ ಕಡೆ ಬೆಳಕು ಇಟ್ಟು, ಆ ಬಾವಿನ ಮೇಲೆಯೇ ಬೇರೊಂದು ಮುಖ ಬರೆದ: ಹದಿನಾರರ ಪಂಪೆಯ ಮುಖ. ಮುಚ್ಚಿದ ಎಡಗಣ್ಣಿನ ರೆಪ್ಪೆಯ ಮೇಲೆ ತೆರೆದ ಕಣ್ಣೊಂದನ್ನು ಬಿಡಿಸಿದ. ಅದು ಎಷ್ಟು ಜೀವಂತವಾಗಿತ್ತೆಂದರೆ, ಮೂಗಿನ ಮೇಲೆ ಕೂರಲು ಬಂದ ನೊಣ ಅದರ ನೋಟಕ್ಕೆ ಹೆದರಿ ಕ್ಷಮೆ ಕೇಳಿ ಹೋಯಿತು.

ಆಟ ಶುರುವಾಯಿತು. ಒಂದೇ ಕಣ್ಣಿನಲ್ಲಿ ದೂರ ಹತ್ತಿರ ತಿಳಿಯದೆ ಕಳಕಮ್ಮ ಮದುವೆಯ ಮಾಲೆಯನ್ನು ಗಾಳಿಗೆ ಹಾಕಿದಳು. ವಿರೂಪಾಕ್ಷನ ವೇಷದ ಸಣ್ಣಪ್ಪ ಹಾರಿ ಬಂದು ಕತ್ತು ಒಡ್ಡಿದ. ಜನ ಅದನ್ನೂ ಕುಣಿತವೆಂದೇ ತಿಳಿದು ಚಪ್ಪಾಳೆ ಹೊಡೆದರು. ಉಳಿದದ್ದನ್ನು ಉಬ್ಬಿಸಿ ಹೇಳಬೇಕಾಗಿಲ್ಲ. ಅವಳು ಚೆನ್ನಾಗಿ ಕುಣಿದಳು. ನನ್ನ ತಾಳ ಎರಡು ಕಡೆ ತಪ್ಪಿತು. ಅವಳ ಹೆಜ್ಜೆ ತಪ್ಪಲಿಲ್ಲ.

ಆಟ ಮುಗಿದದ್ದೇ ಹಂಪಣ್ಣನವರು ಕಣ್ಣೊರೆಸಿಕೊಳ್ಳುತ್ತ, ದೊಡ್ಡದೊಂದು ಹೂವಿನ ಹಾರ ಹಿಡಿದು ಒಳಗೆ ಬಂದರು. ಕಳಕಮ್ಮ ಎದ್ದು ತಲೆ ಬಾಗಿಸಿದಳು. ಅವರು ಅವಳನ್ನು ದಾಟಿ ಹೋಗಿ ಹಾರವನ್ನು ಕನಕಪ್ಪನ ಕೊರಳಿಗೆ ಹಾಕಿದರು.

“ಏನು ಕೈಯಪಾ ನಿಂದು! ಎಡಗಣ್ಣು ಒಮ್ಮ್ಯಾದ್ರೂ ಮಿಟುಕಲಿಲ್ಲ, ದೇವಿನ ನೋಡಿದಂಗಾತು. ಒಂದು ಬಂಗು ಇಲ್ಲ, ಒಂದು ಸುಕ್ಕಿಲ್ಲ!”

“ಅಂದ್ರ ನಾಳಿನೂ ಕಳಕಮ್ಮನ ಪಂಪಾ ಅಲ್ಲೇನ್ರಿ ಸಾವ್ಕಾರ್ರ?” ಎಂದ ಕನಕಪ್ಪ.

“ಇಕಿ ಯಾಕ ಬೇಕೋ ಹುಚ್ಚಾ? ಮುಖ ಇರೂದು ನಿನ್ನ ಕೈಯಾಗ. ಇಷ್ಟು ಕೆಟ್ಟ ಮುಖದ ಮ್ಯಾಲೆ ಹಿಂಗ ಬರದಿ ಅಂದ್ರ, ಎಳೇ ಮುಖದ ಮ್ಯಾಲೆ ಹೆಂಗ ಬಂದೀತು! ನಾಳಿ ಕೊಪ್ಪಳದಾಗ ಇದ ಮುಖ ಹುಲಗಿಗೆ ಬರಿ.”

“ಆದರ ಕುಣಿತ, ಸಾವ್ಕಾರ್ರ...”

“ಕುಣಿತ ಯಾರ ನೋಡಿದ್ರು? ನಾ ಅಂತೂ ನೋಡ್ಲಿಲ್ಲ.”

ಅವರು ಹೋದರು. ಹೇಮಪ್ಪ ಪೇಟಿಯ ಮುಚ್ಚಳ ಹಾಕಲು ಯಾರೂ ತೆಗೆದುಕೊಳ್ಳದಷ್ಟು ಹೊತ್ತು ತೆಗೆದುಕೊಂಡ. ಕಳಕಮ್ಮ ಕನಕಪ್ಪನ ಎದುರಿಗೆ ಬಂದು ಕೂತು, “ಒರಸು,” ಎಂದಳು. ಅವನು ಕೊಬ್ಬರಿ ಎಣ್ಣೆಯಲ್ಲಿ ಅರಳೆ ಅದ್ದಿ, ಹದಿನಾರರ ಪಂಪೆಯನ್ನು ಒಂದೊಂದೇ ಕಡೆಯಿಂದ ಒರೆಸಿ ತೆಗೆದ.

ಮುಂದಿನದು ಕೇಳಿ. ಒರೆಸುವುದು ಮುಗಿದದ್ದೇ ಕನಕಪ್ಪ ಹುಲಿಯಂತೆ ಎದ್ದ! ಬಣ್ಣದ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಗೆ ಹೋಗಿ ಹಂಪಣ್ಣನವರ ಕಾಲಿನ ಬುಡಕ್ಕೆ ಒಗೆದ. ಕಳಕಮ್ಮನ ಕೈ ಹಿಡಿದು ನೆಟ್ಟಗೆ ಇಟಗಿಗೆ ನಡೆದು, ಮಹಾದೇವನ ಗುಡಿಯಲ್ಲಿ ತಾಳಿ ಕಟ್ಟಿದ. ಗೋಡೆಯ ಮೇಲಿನ ಕಲ್ಲಿನ ಗೊಂಬೆಗಳು ಕೆಳಗಿಳಿದು ಬಂದು ಅಕ್ಷತೆ ಹಾಕಿದವು. ತಾಳ ಹಾಕಿದವನು ನಾನು.

ಇಷ್ಟು ಬರೆದು ಚಾಂದಬೀಗೆ ಓದಿ ಹೇಳಿದೆ. ಈಗ ಅವಳಿಗೆ ವಯಸ್ಸಾಗಿದೆ. ಬೆರಳು ನಡುಗುತ್ತವೆ, ನೆನಪು ನಡುಗುವುದಿಲ್ಲ.

“ಏ ಹೊನ್ನೂರಪ್ಪ,” ಎಂದಳು, “ಲಗ್ನ ಯಾವಾಗ ಆತೋ? ನನಗ ಊಟಕ್ಕ ಕರೀಲಿಲ್ಲ?”

“ಕತಿ ಐತಿ ಚಾಂದಬೀ. ಸ್ವಲ್ಪ ಹೆಚ್ಚುಕಡಿಮಿ...”

“ಸತ್ತವರ ಬಗ್ಗೆ ಹೆಚ್ಚುಕಡಿಮಿ ಬ್ಯಾಡ. ನೀನೂ ಅಲ್ಲೇ ಇದ್ದಿ. ಆದದ್ದು ಬರಿ.”

ಆದದ್ದು ಇಷ್ಟು. ಕನಕಪ್ಪ ಪೆಟ್ಟಿಗೆ ಒಗೆಯಲಿಲ್ಲ. ಅವನಿಗೂ ಬೇರೆ ಕೆಲಸ ಬರುತ್ತಿರಲಿಲ್ಲ. ಮರುದಿನ ಕೊಪ್ಪಳದಲ್ಲಿ ಹುಲಗಮ್ಮನನ್ನು ಕೂರಿಸಿಕೊಂಡು ಅದೇ ಮುಖ ಬರೆದ. ಕೆಟ್ಟದಾಗಿ ಬರೆಯಲಿ ಎಂದು ನಾವೆಲ್ಲ ಮನಸ್ಸಿನಲ್ಲೇ ಬೇಡಿಕೊಂಡೆವು. ಅವನ ಕೈಗೆ ಕೆಟ್ಟದಾಗಿ ಬರೆಯುವುದು ಗೊತ್ತಿರಲಿಲ್ಲ. ಕಳಕಮ್ಮ ಬಾವು ಇಳಿಯದ ಮುಖಕ್ಕೆ ಸೆರಗು ಹೊದ್ದು ಬಂದು, ಯಾರೂ ಕರೆಯದಿದ್ದರೂ ಕೆಳಗೆ ಕೂತು ಆ ಹುಡುಗಿಯ ಕಾಲಿಗೆ ಗೆಜ್ಜೆ ಕಟ್ಟಿದಳು. ಕಟ್ಟಿ ತಲೆ ಎತ್ತಿದಳು. ತನ್ನ ಮುಖವನ್ನು ಅಷ್ಟು ಹತ್ತಿರದಿಂದ, ಕನ್ನಡಿಯಿಲ್ಲದೆ, ಅವಳು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದಳು.

“ಛಲೋ ಕಾಣ್ತೀನಲ್ಲ, ಕನಕಪ್ಪ?” ಎಂದಳು.

ಕನಕಪ್ಪ ಕುಂಚ ತೊಳೆಯುತ್ತಿದ್ದ. ತಲೆ ಎತ್ತದೆ ‘ಹೂಂ’ ಎಂದ.