ಕಾರಿಲ್ಲದ ಮಾಲೀಕ

ಎಲ್ಲಕ್ಕೂ ಕಾರಣ 'ಬನ್ನಿ' ಎಂಬ ಒಂದೇ ಮಾತು. ಅದನ್ನೂ ಉಮಾಶಂಕರ್ ಬಾಯಿಬಿಟ್ಟು ಆಡಿರಲಿಲ್ಲ. ನರಸಾಪುರದ ಕಾರ್ಖಾನೆಯಿಂದ ಶ್ರೀನಿವಾಸಪುರಕ್ಕೆ ಬರುವ ಕಂಪನಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅರ್ಧ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಮೊಬೈಲಿನಲ್ಲಿ ಒತ್ತಿದ್ದ, ಅಷ್ಟೆ. ಒತ್ತಿದ ಮೇಲೆ ಕಣ್ಣು ಪೂರ್ತಿ ಬಿಟ್ಟ. ಅಷ್ಟರಲ್ಲಿ ಮಾತು ಮುಳಬಾಗಿಲು ಮುಟ್ಟಿಯಾಗಿತ್ತು.

ಉಮಾಶಂಕರನಿಗೆ ನಲವತ್ತಾರು ವರ್ಷ ವಯಸ್ಸು, ಕಾರ್ಖಾನೆಯ ಸ್ಟೋರಿನಲ್ಲಿ ಸೂಪರ್‌ವೈಸರ್ ಕೆಲಸ, ಶಾಮಲಮ್ಮ ಎಂಬ ಹೆಂಡತಿ ಮತ್ತು ಒಂದು ಹಳೆಯ ಸ್ಕೂಟರು ಇದ್ದವು. ಕಾರು ಇರಲಿಲ್ಲ. ಆದರೂ ಕಾರುಗಳ ಬಗ್ಗೆ ಜನ ಅಭಿಪ್ರಾಯ ಬರೆಯುವ ಒಂದು ವೆಬ್‌ಸೈಟಿನಲ್ಲಿ ಅವನು ಮೂರು ವರ್ಷದಿಂದ 'ವೆಲೋರಾ ಸ್ಪೋರ್ಟ್' ಎಂಬ ಕಾರಿನ ಮಾಲೀಕನಾಗಿದ್ದ.

ಮೋಸ ಮಾಡಬೇಕೆಂದು ಶುರು ಮಾಡಿದ್ದಲ್ಲ. ಆ ಕಾರಿನ ಚಿತ್ರ ನೋಡಿದ ದಿನವೇ ಅವನಿಗೆ ಅದರ ಮೇಲೆ ಮನಸ್ಸಾಗಿತ್ತು. ಕೆಳಗೆ ನೋಡಿದರೆ ಜನರ ಕೊಂಕು. 'ಹಂಪ್ಸ್ ಬಂದರೆ ತಳ ಉಜ್ಜುತ್ತದೆ' ಎಂದು ಒಬ್ಬ. 'ಪಿಕಪ್ ಚೆನ್ನಾಗಿದೆ, ಮೈಲೇಜು ದೇವರಿಗೇ ಪ್ರೀತಿ' ಎಂದು ಇನ್ನೊಬ್ಬ. 'ಹಿಂದಿನ ಸೀಟಿನಲ್ಲಿ ಕೂರುವವರು ಮೊಣಕಾಲನ್ನು ಮನೆಯಲ್ಲೇ ಬಿಟ್ಟು ಬರಬೇಕು' ಎಂದು ಮತ್ತೊಬ್ಬ. ಮಗುವನ್ನು ಯಾರೋ ಬೈದಂತೆ ಉಮಾಶಂಕರನಿಗೆ ಸಂಕಟವಾಯಿತು. ಎರಡು ಸಾಲು ಉತ್ತರ ಬರೆದ. ಬರೆದವರು ಮಾಲೀಕರೋ, ಕೊಳ್ಳಬೇಕೆಂದಿರುವವರೋ ಎಂದು ವೆಬ್‌ಸೈಟು ಕೇಳಿತು. ಕೊಳ್ಳಬೇಕೆಂದಿರುವವನ ಮಾತನ್ನು ಯಾರು ಕೇಳುತ್ತಾರೆ? 'ಮಾಲೀಕ' ಎಂಬುದನ್ನು ಒತ್ತಿದ.

ಆಮೇಲೆ ಬರೆದದ್ದೇ ಬರೆದದ್ದು. 'ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆಗೆ, ಮಾವು ಹೂಬಿಟ್ಟ ಕಾಲದಲ್ಲಿ ಒಮ್ಮೆ ಓಡಿಸಿ ನೋಡಿ. ಕಾರು ಓಡುತ್ತಿದೆಯೋ ನಾವು ತೇಲುತ್ತಿದ್ದೇವೋ ತಿಳಿಯುವುದಿಲ್ಲ. ಹಂಪ್ಸ್ ಗೊತ್ತೇ ಆಗುವುದಿಲ್ಲ' ಎಂದು ಬರೆದ. ಇದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. ಕಂಪನಿ ಬಸ್ಸು ಹಂಪ್ಸ್ ಮೇಲೆ ಎಗರಿ ಬೀಳುವಾಗ ಅದು ಉಮಾಶಂಕರನಿಗೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಆ ಹೊತ್ತಿಗೆ ಅವನು ಬಸ್ಸಿನಲ್ಲಿ ಇರುತ್ತಿರಲಿಲ್ಲ. ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಇನ್ನೂರ ಹನ್ನೆರಡು ಜನ ಅವನ ಅಭಿಪ್ರಾಯ ಉಪಯುಕ್ತವೆಂದು ಒತ್ತಿದ್ದರು. ಅಲ್ಲಿ ಎಲ್ಲರೂ ಅವನನ್ನು 'ಉಮಾ ಸರ್' ಎನ್ನುತ್ತಿದ್ದರು. ಬೇರೆಲ್ಲೂ ಯಾರೂ ಹಾಗೆ ಕರೆದದ್ದು ಅವನಿಗೆ ನೆನಪಿಲ್ಲ.

ಶುಕ್ರವಾರ ಬಂದ ಸಂದೇಶ ಹೀಗಿತ್ತು: 'ಸರ್, ನಾನು ವೆಂಕಟರಾಯಪ್ಪ, ಮುಳಬಾಗಿಲು. ನೀವು ಬರೆದದ್ದನ್ನೆಲ್ಲ ಮೂರು ಸಲ ಓದಿದ್ದೇನೆ. ಈ ಕಾರಿನ ವಿಷಯದಲ್ಲಿ ನಾನೊಂದು ತೀರ್ಮಾನಕ್ಕೆ ಬರಬೇಕು. ಭಾನುವಾರ ನಿಮ್ಮ ಮನೆಗೆ ಬಂದು ನಿಮ್ಮ ಕಾರು ನೋಡಬಹುದೇ?'

ಅದಕ್ಕೇ ಆ 'ಬನ್ನಿ'.

ಪುಣ್ಯಕ್ಕೆ, ಕೋಲಾರದ ಬೈಪಾಸಿನಲ್ಲಿ ಹಳೇ ಕಾರು ಮಾರುವ ಕಾಂತರಾಜ್ ಅವನ ಸಹಪಾಠಿ. ಅವನ ಶೆಡ್ಡಿನಲ್ಲಿ ಹತ್ತು ದಿನದಿಂದ ಒಂದು ವೆಲೋರಾ ಸ್ಪೋರ್ಟ್ ನಿಂತಿತ್ತು. ಉಮಾಶಂಕರ್ ದಿನಾ ಬಸ್ಸಿನಿಂದ ಕತ್ತು ತಿರುಗಿಸಿ ಅದನ್ನು ನೋಡುತ್ತಿದ್ದ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಅದರ ಮುಂದೆ ನಿಂತ.

"ಯಾರೋ ಪಾರ್ಟಿ ಮಾರ್ಕೊಡು ಅಂತ ಬಿಟ್ಟವ್ರೆ ಕಣೋ" ಎಂದ ಕಾಂತರಾಜ್. "ತಗೊಳ್ಳೋ ಹಂಗಿದ್ರೆ ಮನೇಗ್ ತಗೊಂಡೋಗು, ಹೆಂಡ್ತೀಗೆ ತೋರ್ಸು. ಸಾಯಂಕಾಲ ನಾಲ್ಕಕ್ಕೆ ಇಲ್ಲಿರ್ಬೇಕು. ಒಂದು ಗೀಟು ಬಿದ್ರೂ ಕಾರು ನಿಂದೇ."

"ತಗೊಳ್ಳೋ ಹಂಗೇ ಇದೆ" ಎಂದ ಉಮಾಶಂಕರ್. ಅದು ಆ ದಿನದ ಮೊದಲ ಸುಳ್ಳು.

ಆದರೆ ಕೋಲಾರ ದಾಟುವುದರೊಳಗೆ ಅದು ಸುಳ್ಳಾಗಿ ಉಳಿಯಲಿಲ್ಲ. ಸ್ಟೋರಿನ ಪಿಕಪ್ ವ್ಯಾನು ಓಡಿಸಿ ಪಳಗಿದ್ದ ಕೈಗೆ ಈ ಸ್ಟಿಯರಿಂಗು ಬೆಣ್ಣೆಯಂತೆ ಸಿಕ್ಕಿತು. ರಸ್ತೆಯ ಎರಡೂ ಕಡೆ ತೋಪುಗಳು ಹೂಬಿಟ್ಟಿದ್ದವು. ಗಾಜು ಇಳಿಸಿದ. ಮಾವಿನ ಹೂವಿನ ವಾಸನೆ ಒಳಗೆ ಬಂದು ಪಕ್ಕದ ಸೀಟಿನಲ್ಲಿ ಕೂತಿತು. ಮೂರು ವರ್ಷ ತಾನು ಬರೆದದ್ದೆಲ್ಲ ಅಕ್ಷರಶಃ ನಿಜವೆಂದು ಅವನಿಗೆ ಕಂಡಿತು. ತೇಲುತ್ತಿರುವುದು ಕಾರೋ ತಾನೋ ಎಂದು ಯೋಚಿಸುತ್ತಿರುವಾಗಲೇ ಒಂದು ಹಳ್ಳಿಯ ಹಂಪ್ಸ್ ಬಂದು, ಕಾರಿನ ತಳ ಕರ್ರೆಂದು ಉಜ್ಜಿತು. ಉಮಾಶಂಕರನಿಗೆ ಕಾರಿನ ಮೇಲೆ ಸಿಟ್ಟು ಬರಲಿಲ್ಲ, ಹಂಪ್ಸ್ ಹಾಕಿದವರ ಮೇಲೆ ಬಂತು. ಭವಿಷ್ಯನಿಧಿಯಲ್ಲಿ ಇರುವಷ್ಟು ತೆಗೆದು ಈ ಕಾರನ್ನೇ ಕೊಂಡುಬಿಡುವುದೆಂದು ಅಲ್ಲೇ ನಿರ್ಧರಿಸಿದ. ಹೊಸದು ಅವನ ಕೈಗೆ ಎಟಕುವಂತಿರಲಿಲ್ಲ. ಹಳೆಯದು ಸುತ್ತಮುತ್ತ ಎಲ್ಲಿ ಹುಡುಕಿದರೂ ಇದೊಂದೇ ಇತ್ತು.

ಬೀದಿಗೆ ಕಾರು ಬಂದು ನಿಂತಾಗ ಮೊದಲು ಬಂದವನು ಎದುರುಮನೆಯ ಮುನಿಯಲ್ಲಪ್ಪ. ಟೊಮೆಟೊ ಬೆಳೆಯುವವನು. ಅವನಿಗೆ ಜಗತ್ತಿನ ಯಾವ ವಾಹನವಾದರೂ ಒಂದೇ ಲೆಕ್ಕ.

"ಡಿಕ್ಕೀಲಿ ಎಷ್ಟು ಕ್ರೇಟ್ ಹಿಡಿಸ್ತದೆ?"

"ಇದು ಸ್ಪೋರ್ಟ್ಸ್ ಗಾಡಿ, ಮುನಿಯಲ್ಲಪ್ಪ."

"ಆಟ ಆಡೋರು ಟೊಮೆಟೊ ತಿನ್ನಲ್ವಾ? ತಾಳು, ನೋಡೇಬಿಡಾಣ." ಮಾರುಕಟ್ಟೆಗೆ ಹೊರಟಿದ್ದ ತನ್ನ ಟೆಂಪೊದಿಂದ ಒಂದೊಂದೇ ಕ್ರೇಟು ಇಳಿಸಿ ಡಿಕ್ಕಿಗೆ ತುಂಬಿದ. ನಾಲ್ಕು ಹಿಡಿಸಿದವು. ಐದನೆಯದನ್ನು ಎತ್ತಿ ಹಿಡಿದುಕೊಂಡು ಬೇಸರದಿಂದ ಹೇಳಿದ: "ನಾಲ್ಕೇ. ಮೋಸ ಹೋದೆ ಕಣೋ ಉಮಾಶಂಕರ. ನನ್ನ ಕೇಳಿದ್ರೆ ಬೇಡ ಅಂತಿದ್ದೆ."

ಅಷ್ಟರಲ್ಲಿ ಪಕ್ಕದ ಮನೆಯ ಗಂಗರತ್ನಮ್ಮ ಆರತಿ ತಟ್ಟೆ, ನಿಂಬೆಹಣ್ಣು, ಚೆಂಡುಹೂವಿನ ಹಾರ ತಂದಾಗಿತ್ತು. "ಹೊಸಾ ಬಂಡಿ, ದಿಷ್ಟಿ ತಗಲಕೂಡದು" ಎನ್ನುತ್ತ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಹಾರ ಹಾಕಿ, ಬಾನೆಟ್ಟಿನ ಮೇಲೆ ಅಂಗೈ ಅಗಲದ ಕುಂಕುಮ ಬಳಿದಳು. "ಅಲ್ಲಪ್ಪ, ಇಷ್ಟ್ ತಗ್ಗು ಯಾಕೆ ಮಾಡವ್ರೆ? ಕೂತ್ರೆ ಬಚ್ಚಲಲ್ಲಿ ಕೂತಂಗಿರ್ತದೆ. ನನ್ನಂಥೋರು ಏಳಕ್ಕೆ ಇಬ್ರು ಬೇಕು."

ಕಾರು ನನ್ನದಲ್ಲ ಎನ್ನಲು ಉಮಾಶಂಕರ್ ಎರಡು ಸಲ ಬಾಯಿ ತೆರೆದ. ಆದರೆ ವೆಂಕಟರಾಯಪ್ಪ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಬಾಯಿ ಮುಚ್ಚಿಕೊಂಡ. ಹೇಗೂ ಸಂಜೆಗೆ ತನ್ನದೇ ಆಗುತ್ತದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿದ.

ಅವನು ಬೀದಿಯ ತುದಿಯನ್ನು ನೋಡುತ್ತಿದ್ದ ಆ ಐದು ನಿಮಿಷದಲ್ಲಿ ಮುನಿಯಲ್ಲಪ್ಪ ಹಿಂದಿನ ಗಾಜಿಗೆ ಹಳದಿ ಬಣ್ಣದ ದಪ್ಪಕ್ಷರದ ಸ್ಟಿಕರೊಂದನ್ನು ಅಂಟಿಸಿ, ಹೆಗಲ ಮೇಲಿನ ಟವೆಲಿನಿಂದ ಚೆನ್ನಾಗಿ ಉಜ್ಜಿದ್ದ. ಅದರಲ್ಲಿ 'ಗಂಗಾಲಕ್ಷ್ಮಿ' ಎಂದಿತ್ತು.

"ಇದ್ಯಾರು?" ಹೊರಗೆ ಬಂದ ಶಾಮಲಮ್ಮನ ಮೊದಲ ಮಾತು ಅದೇ.

"ನಮ್ಮಾಕೆ ಹೆಸರು ಕಣಮ್ಮ. ಟೆಂಪೊಗೆ ಅಂತ ಮಾಡಿಸ್ದಾಗ ಒಂದಕ್ಕೊಂದು ಫ್ರೀ ಕೊಟ್ಟಿದ್ರು. ಸುಮ್ನೆ ಯಾಕೆ ವೇಸ್ಟು?"

ಶಾಮಲಮ್ಮ ಗಂಡನನ್ನು ನೋಡಿದಳು. "ನನ್ನ ಒಂದ್ ಮಾತು ಕೇಳ್ದೆ ಕಾರ್ ತಂದ್ರಿ. ಬದನೇಕಾಯಿ ಬಣ್ಣದ್ದು ತಂದ್ರಿ. ಈಗ ಊರೋರ ಹೆಂಡ್ತೀರ ಹೆಸ್ರು ಬೇರೆ."

"ಅದು ಮಿಡ್‌ನೈಟ್ ವೈನ್ ಕಣೇ, ಬಣ್ಣದ ಹೆಸರು."

"ನಾನು ಬದನೇಕಾಯಿ ನೋಡಿಲ್ವಾ?"

ಆದರೂ ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. ಬಾಗಿಲು ತೆಗೆದಳು. ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತು, ತಲೆಯನ್ನು ಹಿಂದಕ್ಕೆ ಆನಿಸಿದಳು. ಸೀಟು ಅವಳನ್ನು ಎರಡೂ ಕಡೆಯಿಂದ ಮೆಲ್ಲಗೆ ಹಿಡಿದುಕೊಂಡಿತು. ಇಪ್ಪತ್ತು ವರ್ಷ ಸ್ಕೂಟರಿನ ಹಿಂದೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದವಳು ಕಾಲು ಚಾಚಿ ಕಣ್ಣು ಮುಚ್ಚಿದಳು.

"ಸೊಂಟ ನೋಯಲ್ಲ ಅಲ್ವಾ ಇದ್ರಲ್ಲಿ?" ಎಂದಳು ಕೊನೆಗೆ, ಕಣ್ಣು ಮುಚ್ಚಿಕೊಂಡೇ.

ಉಮಾಶಂಕರನ ಎದೆ ತುಂಬಿ ಬಂತು. ಈ ಕಾರು ಈಗ ಅವನಿಗೆ ಬೇಕೇ ಬೇಕಾಯಿತು. "ಸಂಜೆ ಅಡ್ವಾನ್ಸ್ ಕೊಡ್ತೀನಿ" ಎಂದು ಪಿಸುಗುಟ್ಟಿದ. ಅವಳಿಗೆ ಅದು ಕೇಳಿಸಲಿಲ್ಲ. ಅವಳು ಆಗಲೇ ಎಲ್ಲೋ ಬಹಳ ದೂರ, ತಂಪಾದ ಕಡೆ ಇದ್ದಳು.

ಮಧ್ಯಾಹ್ನ ಒಂದೂವರೆಗೆ ವೆಂಕಟರಾಯಪ್ಪ ಬಂದರು. ಐವತ್ತೈದರ ಆಸುಪಾಸಿನ, ರೇಷ್ಮೆ ಬೆಳೆಯುವ ಗಟ್ಟಿ ಆಳು. ಬಸ್ಸಿಳಿದು ನಡೆದು ಬಂದಿದ್ದರಿಂದ ಬೆವರಿದ್ದರು. ಕಾರನ್ನು ಕಂಡೊಡನೆ ಬೀದಿಯ ನಡುವೆಯೇ ನಿಂತುಬಿಟ್ಟರು. ಹಾರ ನೋಡಿದರು, ಕುಂಕುಮ ನೋಡಿದರು, 'ಗಂಗಾಲಕ್ಷ್ಮಿ'ಯನ್ನು ಬಹಳ ಹೊತ್ತು ನೋಡಿದರು. ಡ್ರೈವರ್ ಬಾಗಿಲಿನ ಒಳಗಿದ್ದ ಒಂದು ಸಣ್ಣ ಗೀರಿನ ಮೇಲೆ ಬೆರಳಾಡಿಸಿದರು.

"ಇದು ನಿಮ್ದು?" ಎಂದರು.

"ಮೂರು ವರ್ಷದಿಂದ" ಎಂದ ಉಮಾಶಂಕರ್.

"ಹಂಪ್ಸ್‌ಗೆ ತಾಕಲ್ಲ ಅಂತ ಬರ್ದಿದ್ರಿ."

ಇಲ್ಲಿ ಉಮಾಶಂಕರ್ ಸುಳ್ಳು ಹೇಳಬೇಕಿತ್ತು. ಬೆಳಿಗ್ಗೆಯಿಂದ ಕಾರಿನ ಜೊತೆ ಕಳೆದವನಿಗೆ ಅದು ಸಾಧ್ಯವಾಗಲಿಲ್ಲ. "ತಾಕುತ್ತೆ ಸಾರ್. ತಾಕಿದ್ರೆ ನಾವು ನಿಧಾನ ಆಗ್ಬೇಕು. ಹುಟ್ಟಿದಾಗ್ಲಿಂದ ಓಡ್ತಾನೇ ಇದ್ದೀವಿ. ಒಂದ್ ಹಂಪ್ಸ್‌ಗೆ ನಿಂತು ಹೋದ್ರೆ ಏನ್ ಕಳ್ಕೊಂಡಂಗಾಯ್ತು? ನಿಂತಾಗ ಗಾಜು ಇಳ್ಸಿ. ಮಾವಿನ ಹೂವಿನ ವಾಸನೆ ಬರ್ತದೆ. ಮೈಲೇಜು ಕೇಳ್ತಾರೆ ಜನ. ಮೈಲೇಜು ಬೇಗ ಊರು ಸೇರ್ಬೇಕು ಅನ್ನೋರಿಗೆ. ಇದ್ರಲ್ಲಿ ಕೂತ್ಮೇಲೆ ಊರು ಸೇರ್ಬೇಕು ಅಂತ್ಲೇ ಅನ್ಸಲ್ಲ ಸಾರ್. ನೋಡಿ ಅಲ್ಲಿ, ನಮ್ಮನೆಯವ್ಳು."

ವೆಂಕಟರಾಯಪ್ಪ ನೋಡಿದರು. ಮುಂದಿನ ಸೀಟಿನಲ್ಲಿ ಶಾಮಲಮ್ಮ ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಮುಖದ ಮೇಲೆ ನಗುವಿತ್ತು. ಅವರ ಕಣ್ಣು ಒದ್ದೆಯಾದವು. ಉಮಾಶಂಕರನ ಕೈಹಿಡಿದು ಬೇವಿನ ಮರದ ಮರೆಗೆ ಕರೆದೊಯ್ದು, ಜೇಬಿನಿಂದ ಏನನ್ನೋ ತೆಗೆದು ಒತ್ತಿದರು. ಕಾರು 'ಕೀಂ ಕೀಂ' ಎಂದು ಎರಡು ಕಣ್ಣು ಮಿಟುಕಿಸಿತು.

ಅವರ ಅಂಗೈಯಲ್ಲಿ ಕಾರಿನ ಇನ್ನೊಂದು ಕೀ ಇತ್ತು.

"ಎರಡು ವರ್ಷದ ಹಿಂದೆ ನಿಮ್ಮ ಬರಹ ಓದಿ ಈ ಕಾರು ಕೊಂಡೋನು ನಾನೇ ಕಣ್ರಿ" ಎಂದರು ಮೆಲ್ಲಗೆ. "ಊರ್ ತುಂಬಾ ಆಡ್ಕೊಂಡ್ರು. ತಗ್ಗು ಅಂದ್ರು, ಇಕ್ಕಟ್ಟು ಅಂದ್ರು. ತಲೆಕೆಟ್ಟು ಮಾರಕ್ಕೆ ಬಿಟ್ಟೆ. ಮಾರೋದೋ ಬೇಡ್ವೋ ಅಂತ ಒಂದು ತೀರ್ಮಾನ ಆಗ್ಲಿಲ್ಲ. ಸುಳ್ಳು ಬರ್ದಿದ್ರೆ ನಿಮ್ಗೆ ನಾಲ್ಕು ಮಾತು ಬೈದು, ಮಾರೋಣ ಅಂತ ಬಂದೆ. ಬಂದು ನೋಡಿದ್ರೆ ನನ್ನ ಕಾರೇ ನಿಮ್ಮ ಮನೆ ಮುಂದೆ! ಕೆನ್ನೆಗೆ ಬಿಡ್ಬೇಕು ಅನ್ಸ್ತು."

ಉಮಾಶಂಕರ್ ಕೈ ಮುಗಿದ. "ಸಾರ್, ತಪ್ಪಾಯ್ತು. ಆದ್ರೆ ಈ ಕಾರನ್ನ ನಾನೇ ತಗೋತೀನಿ. ಇವತ್ತೇ ಅಡ್ವಾನ್ಸ್..."

"ಅಯ್ಯಯ್ಯೋ!" ವೆಂಕಟರಾಯಪ್ಪ ಕೀಯನ್ನು ಎದೆಗೊತ್ತಿಕೊಂಡರು. "ಇಂಥಾ ಕಾರು ಯಾರಾದ್ರೂ ಮಾರ್ತಾರಾ? ನೀವು ಈಗ ಹೇಳಿದ್ರಲ್ಲ, ಎರಡು ವರ್ಷದಲ್ಲಿ ನಂಗೆ ಇದು ಯಾಕೆ ತೋಚಲಿಲ್ಲ?"

ಅಲ್ಲಿಂದಲೇ ಕಾಂತರಾಜನಿಗೆ ಫೋನ್ ಮಾಡಿ ಮಾರುವುದಿಲ್ಲ ಎಂದರು. ಒಳ್ಳೆಯ ಮನುಷ್ಯ, ಉಮಾಶಂಕರನ ಮಾನ ಕಳೆಯಲಿಲ್ಲ. ಮರದ ಮರೆಯಿಂದ ಹೊರಬಂದು, "ಕಾರು ನಾನೇ ತಗೊಂಡು ಹೋಗ್ತಿದ್ದೀನಿ. ಉಮಾ ಸರ್ ಒಪ್ಪಿದ್ರು" ಎಂದಷ್ಟೇ ಬೀದಿಗೆಲ್ಲ ಕೇಳುವಂತೆ ಹೇಳಿದರು. ಶಾಮಲಮ್ಮನನ್ನು "ಅಮ್ಮಾ, ಸ್ವಲ್ಪ" ಎಂದು ವಿನಯದಿಂದ ಎಬ್ಬಿಸಿದರು. ನಾಲ್ಕು ನಿಂಬೆಹಣ್ಣೂ ಒಟ್ಟಿಗೆ ಪಚಕ್ಕೆಂದವು. ಚೆಂಡುಹೂವಿನ ಹಾರ, ಕುಂಕುಮ, ಮುನಿಯಲ್ಲಪ್ಪನ ಹೆಂಡತಿಯ ಹೆಸರು ಎಲ್ಲವನ್ನೂ ಹೊತ್ತು ಕಾರು ಮುಳಬಾಗಿಲ ಕಡೆ ತೇಲಿಹೋಯಿತು.

"ನನ್ನ ಟೊಮೆಟೊ!" ಎಂದು ಕೂಗುತ್ತ ಮುನಿಯಲ್ಲಪ್ಪ ಅದರ ಹಿಂದೆ ಓಡಿದ. ಪಿಕಪ್ ಚೆನ್ನಾಗಿದೆ ಎಂದು ಜನ ಬರೆದದ್ದು ಸುಳ್ಳಲ್ಲವೆಂದು ಅವನಿಗೆ ಬೀದಿಯ ತುದಿಯಲ್ಲಿ ಗೊತ್ತಾಯಿತು.

"ಬೆಳಿಗ್ಗೆ ತಂದು ಮಧ್ಯಾಹ್ನಕ್ಕೆ ಮಾರ್ಬಿಟ್ಟ" ಎಂದಳು ಗಂಗರತ್ನಮ್ಮ, ಖಾಲಿ ಆರತಿ ತಟ್ಟೆ ಹಿಡಿದುಕೊಂಡು. "ಏನ್ ಬುದ್ಧಿ, ಏನ್ ಬುದ್ಧಿ!"

ಶಾಮಲಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು.

ಇಳಿಹೊತ್ತಿನಲ್ಲಿ ಉಮಾಶಂಕರ್ ಜಗುಲಿಯ ಮೇಲೆ ಕೂತು, ಅರ್ಧ ತೆರೆದ ಬಾಗಿಲಿಗೆ ಎಲ್ಲವನ್ನೂ ಹೇಳಿದ. ಮೂರು ವರ್ಷದ ಬರಹ, ಇನ್ನೂರ ಹನ್ನೆರಡು ಜನ, ಕಾಂತರಾಜ್, ಎರಡನೇ ಕೀ. ಒಂದನ್ನೂ ಮುಚ್ಚಿಡಲಿಲ್ಲ. ಅವಳು ಹೊರಗೆ ಬಂದು ಪಕ್ಕದಲ್ಲಿ ಕೂತಳು.

"ಹಂಗಾದ್ರೆ ನೀವು ಮಾರ್ಲಿಲ್ಲ."

"ನಂದಲ್ಲದ್ದನ್ನ ಹೆಂಗೆ ಮಾರ್ಲಿ?"

ಅಷ್ಟರಲ್ಲಿ ಅವನ ಮೊಬೈಲು ಸದ್ದು ಮಾಡಿತು. ವೆಬ್‌ಸೈಟಿನಲ್ಲಿ ವೆಂಕಟರಾಯಪ್ಪ ಐದು ನಕ್ಷತ್ರ ಕೊಟ್ಟು ಬರೆದಿದ್ದರು: 'ಮಾರಲು ಹೊರಟಿದ್ದೆ. ಶ್ರೀನಿವಾಸಪುರದ ಉಮಾ ಸರ್ ಕಣ್ಣು ತೆರೆಸಿದರು. ಈ ಕಾರಿನ ಬಗ್ಗೆ ಅನುಮಾನವಿರುವವರು ಒಮ್ಮೆ ಅವರ ಮನೆಗೆ ಹೋಗಿಬನ್ನಿ. ಸೂಚನೆ: ನನ್ನ ಡಿಕ್ಕಿಯಲ್ಲಿ ನಾಲ್ಕು ಕ್ರೇಟು ಟೊಮೆಟೊ ಸಿಕ್ಕಿದೆ, ಗಂಗಾಲಕ್ಷ್ಮಿ ಯಾರೆಂದು ಮನೆಯಲ್ಲಿ ಕೇಳುತ್ತಿದ್ದಾರೆ.' ಅದರ ಕೆಳಗೆ ಮಾಲೂರಿನ ವೇಣುಗೋಪಾಲ್ ಎಂಬವರು ಆಗಲೇ ಕೇಳಿದ್ದರು: 'ಉಮಾ ಸರ್, ಮುಂದಿನ ಭಾನುವಾರ ಮನೆಯವರನ್ನು ಕರೆದುಕೊಂಡು ನಿಮ್ಮ ಕಾರು ನೋಡಲು ಬರಬಹುದೇ?'

ಉಮಾಶಂಕರನ ಹೆಬ್ಬೆರಳು ತಾನಾಗಿ ಮೇಲೆದ್ದಿತು. ಅವನು ಇನ್ನೊಂದು ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ.

ಶಾಮಲಮ್ಮ ಮೊಬೈಲನ್ನು ಅವನ ಕೈಯಿಂದ ಕಿತ್ತುಕೊಂಡಳು. ಎದುರಿಗಿದ್ದ ನೀರಿನ ತೊಟ್ಟಿಗೆ ಎಸೆಯುತ್ತಾಳೆಂದು ಅವನು ಕಣ್ಣು ಮುಚ್ಚಿದ. ಅವಳು ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ, ಏನನ್ನೋ ಒತ್ತಿ ಅವನ ತೊಡೆಯ ಮೇಲಿಟ್ಟಳು.

"ಮುಳಬಾಗಿಲೋರ್ನ ಭಾನುವಾರ ಒಂದಿನಕ್ಕೆ ಕಾರು ಕೇಳಿ. ಆ ಸೀಟಲ್ಲಿ ನನ್ನ ನಿದ್ದೆ ಅರ್ಧಕ್ಕೇ ನಿಂತೋಗಿದೆ" ಎಂದು ಹೇಳಿ, ಅಡುಗೆಗೆ ಬದನೆಕಾಯಿ ಹೆಚ್ಚಲು ಎದ್ದುಹೋದಳು.

ಉಮಾಶಂಕರ್ ಕಣ್ಣು ಬಿಟ್ಟು ಮೊಬೈಲು ನೋಡಿದ. ಅಲ್ಲಿ 'ಬನ್ನಿ' ಎಂದಿತ್ತು.