ಕೋಟೆಗೊಂದು ಕಾಂಪೌಂಡು

ಕಲ್ಲು ಕಾಯುವ ಕೆಲಸದಲ್ಲಿ ತಲೆ ಕೆಡುವಂಥದ್ದೇನಿದೆ ಎಂದು ನೆಂಟರು ಕೇಳುತ್ತಾರೆ. ಘೋಡಗೇರಿಯ ಆಚೆ ದಿಬ್ಬದ ಮೇಲೆ ಗುಂಡಗೆ ಕಟ್ಟಿದ ಹಳೆಯ ಕಲ್ಲಿನ ಕೋಟೆಯೊಂದಕ್ಕೆ ನಾನು ಕಾವಲುಗಾರ. ಅರಸರ ಕಾಲದ್ದು, ಒಂದು ಕಲ್ಲೂ ಹೋಗಬಾರದು ಎಂದು ಇಲಾಖೆಯ ಅಪ್ಪಣೆ. ಅಲ್ಲಿ ತಲೆ ಕೆಡದ ದಿನವೇ ಇಲ್ಲ.

ಬಟ್ಟೆ ಒಗೆಯುವ ಕಲ್ಲು

ಊರ ಅಜ್ಜಿಯೊಬ್ಬರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಕೇಳಿದರು, "ಏನ್ ಕೆಲಸಾ ಮಾಡ್ತಿ ತಮ್ಮಾ?"

"ಕ್ವಾಟಿ ಕಾಯ್ತೇನ್ರಿ ಆಯಿ. ಮಂದಿ ಕಲ್ಲು ಕಿತ್ತು ಒಯ್ತಾರ."

"ಎಂಥಾ ಮಂದಿ ಇರ್ತಾರಪಾ," ಎಂದು ಮರುಗಿ, ಧೋತರವನ್ನು ಕಲ್ಲಿಗೆ ಬಡಿದರು. ಆ ಕಲ್ಲಿನ ಮೇಲಿನ ಉಳಿಯ ಗುರುತು ನಮ್ಮ ಕೋಟೆಯದೇ. ಕೇಳಲೋ ಬಿಡಲೋ ತಿಳಿಯದೆ ನಿಂತೆ.

"ನಿಂತಿ ಯಾಕ, ಕುಂದ್ರು," ಎಂದು ಬಾಜೂದಲ್ಲಿದ್ದ ಅಂಥದೇ ಇನ್ನೊಂದನ್ನು ತೋರಿಸಿದರು.

ಒಳಗಿದ್ದವರು

ಕುರಿ ಕಾಯುವ ಕಾಕಾ ಒಬ್ಬರು ದಿನಾ ಕೋಟೆಯೊಳಗೇ ಕುರಿ ತುಂಬುತ್ತಿದ್ದರು.

"ಕಾಕಾ, ಇಲ್ಲಿ ಕುರಿ ಬಿಡಾಂಗಿಲ್ರಿ. ಇದು ಕ್ವಾಟಿ."

"ಕ್ವಾಟಿ ಯಾಕ ಕಟ್ಟಿದ್ರು?"

"ಒಳಗಿದ್ದವ್ರನ್ನ ಕಾಯಾಕ."

"ನನ್ನ ಕುರಿ ಎಲ್ಲಿ ಅದಾವ?"

ಒಳಗೇ ಇದ್ದವು. ಕಾಕಾ ಬಿಡಲಿಲ್ಲ.

"ಮಂದೀನ್ನ ಕಾಯಾಕ ಕ್ವಾಟಿ, ಕ್ವಾಟಿ ಕಾಯಾಕ ನೀ. ನಿನ್ನನ್ನ ಯಾರ ಕಾಯ್ತಾರ?"

ಅಂದಿನಿಂದ ನಾನೂ ಅದನ್ನೇ ಯೋಚಿಸುತ್ತಿದ್ದೇನೆ.

ಕಾಂಪೌಂಡು

ಕಡೆಗೂ ಕೋಟೆಯ ರಕ್ಷಣೆಗೆಂದು ಸುತ್ತ ಕಾಂಪೌಂಡು ಮಂಜೂರಾಯಿತು. ಇನ್ನು ಕಲ್ಲು ಉಳಿದವು ಎಂದು ನನಗೆ ಖುಷಿಯೋ ಖುಷಿ. ನಿಶ್ಚಿಂತೆಯಿಂದ ತಂಗಿಯ ಮಗಳ ಲಗ್ನಕ್ಕೆ ಮೂಡಲಗಿಗೆ ಹೋದೆ. ಮರಳಿ ಬಂದರೆ ದಿಬ್ಬದ ಸುತ್ತ ಚೆಂದದ ಕಲ್ಲಿನ ಕಾಂಪೌಂಡು ಎದ್ದಿದೆ. ಒಳಗೆ ಹೊಕ್ಕರೆ ಬರೀ ಬಯಲು.

"ಕ್ವಾಟಿ ಎಲ್ಲೈತ್ರಿ?" ಎಂದು ಗುತ್ತಿಗೆದಾರನನ್ನು ಕೇಳಿದೆ.

ಅವನು ಕಾಂಪೌಂಡು ತಟ್ಟಿದ. "ಇಲ್ಲೇ ಐತಲ್ರಿ. ಹತ್ತರಗಿಯಿಂದ ಕಲ್ಲು ಬರೂದು ತಡಾ ಆತು. ನಿಮ್ಮ ಒಂದ ಕಲ್ಲೂ ಹೊರಗ ಹೋಗಿಲ್ಲ ನೋಡ್ರಿ."

ಅಳಬೇಕೋ, ಅವನಿಗೆ ಎರಡು ಬಿಡಬೇಕೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹೊಸದಾಗಿ ವರ್ಗವಾಗಿ ಬಂದ ಸಾಹೇಬರ ಜೀಪು ಬಂತು. ಅವರು ಕಾಂಪೌಂಡಿನ ಸುತ್ತ ನಡೆದು, ಕಲ್ಲು ಸವರಿ, ಫೋಟೋ ತೆಗೆದು, ಬೆರಳಿಗೆ ಹತ್ತಿದ ಸಿಮೆಂಟನ್ನು ಕರವಸ್ತ್ರದಿಂದ ಒರೆಸಿಕೊಂಡರು.

"ಎಷ್ಟು ಹಳೆಯ ಕೋಟೆ, ಎಷ್ಟು ಗಟ್ಟಿಯಾಗಿ ನಿಂತಿದೆ. ಹೀಗೆ ಬಯಲಿಗೆ ಬಿಟ್ಟಿದ್ದೀರಲ್ಲ. ಬೇಗ ಇದರ ಸುತ್ತ ಒಂದು ಕಾಂಪೌಂಡು ಹಾಕಿಸಿ," ಎಂದು ಹೇಳಿ ಜೀಪು ಹತ್ತಿದರು.

ಜೀಪಿನ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತೆ.

ಗುತ್ತಿಗೆದಾರ ನನ್ನ ಹೆಗಲ ಮೇಲೆ ಕೈ ಹಾಕಿದ. "ಕಲ್ಲಿನ ಚಿಂತಿ ಬ್ಯಾಡ್ರಿ. ನಿಮ್ಮ ಮನ್ಯಾಗ ಮುಂದಿನ ಲಗ್ನಾ ಯಾವಾಗ ಐತ್ರಿ?"